ಎಸಿ ಆಮೇಲೆ ತಗೊಳ್ರಿ, ಮೊದಲು ಕೋಣೆ ನೋಡ್ರಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಮ್ಯಾಪ್ ಹಾಕಿ ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ಸ್ಕ್ರೀನ್ ಮಬ್ಬಾಗುತ್ತೆ, ಚಾರ್ಜಿಂಗ್ ನಿಲ್ಲುತ್ತೆ, ಆಮೇಲೆ ‘ಫೋನ್ ತುಂಬಾ ಬಿಸಿಯಾಗಿದೆ’ ಅಂತ ಬರುತ್ತೆ. ನೀವು ಅದನ್ನು ಕಿಸೆಯಲ್ಲಿ ಹಾಕಿಕೊಂಡು ಬೇವಿನ ಮರದ ನೆರಳಿಗೆ ನಿಲ್ಲುತ್ತೀರಿ. ಫೋನ್‌ಗೆ ನೀವಿದ್ದೀರಿ. ಆದರೆ ನೀವು ನೋಡುವ ರೀಲ್ಸ್, ಕಟ್ಟುವ ಯುಪಿಐ, ತುಂಬುವ ಅರ್ಜಿ ಇವೆಲ್ಲ ಹಾದು ಬರುವ ಮಷೀನು ಯಾವುದೋ ಕೋಣೆಯಲ್ಲಿ ಹಗಲೂ ರಾತ್ರಿ ಉರಿಯುತ್ತಿರುತ್ತದಲ್ಲ, ಅದನ್ನು ನೆರಳಿಗೆ ಯಾರು ನಿಲ್ಲಿಸುತ್ತಾರೆ? ಈ ಸಂಚಿಕೆ ಆ ಕೋಣೆಯ ಬಗ್ಗೆ.

ನಾನು ಬಿ.ಕಾಂ. ಮಾಡಿದ್ದು. ಎಸಿ ಮೆಕ್ಯಾನಿಕ್ ಅಲ್ಲ, ಎಂಜಿನಿಯರೂ ಅಲ್ಲ. ಈ ವಿಷಯ ನನಗೆ ಗೊತ್ತಾಗಿದ್ದು ಒಂದು ತಪ್ಪಿನಿಂದ, ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ನಮ್ಮ ಹಿರೇವಡ್ಡಟ್ಟಿಯವನೇ ಒಬ್ಬ ಗೆಳೆಯ. ಹೆಸರು ಬೇಡ. ಮುಂಡರಗಿಯಲ್ಲಿ ಒಂದು ಕೋಣೆ ಹಿಡಿದು ಸುತ್ತಲಿನ ಹಳ್ಳಿಗಳಿಗೆ ಫೈಬರ್ ಇಂಟರ್ನೆಟ್ ಕೊಡುತ್ತಾನೆ. ಜೊತೆಗೆ ಅಂಗಡಿಗಳ ಸಿಸಿಟಿವಿ ರೆಕಾರ್ಡಿಂಗ್, ವ್ಯಾಪಾರಸ್ಥರ ಟ್ಯಾಲಿ ಬ್ಯಾಕಪ್ ಕೂಡ ಅಲ್ಲೇ. ಎರಡು ರ‍್ಯಾಕ್ ತುಂಬ ಮಷೀನು. ನಾನು ಅವನ ಲೆಕ್ಕ ಬರೆಯುತ್ತೇನೆ. ಕೋಣೆ ಶುರು ಮಾಡುವಾಗ ಬಂದ ಕೊಟೇಶನ್‌ನಲ್ಲಿ ಎಸಿ ಇತ್ತು, ಅದರ ಕೆಳಗೆ ಇನ್ನೂ ನಾಲ್ಕೈದು ಸಾಲು ಇದ್ದವು: ಕಿಟಕಿ ಮುಚ್ಚುವುದು, ಸೂರಿಗೆ ಇನ್ಸುಲೇಶನ್, ಬಾಗಿಲಿಗೆ ರಬ್ಬರ್ ಪಟ್ಟಿ, ಜನರೇಟರ್ ತಾನೇ ಶುರು ಆಗುವ ಪ್ಯಾನೆಲ್. ನಾನು ಪೆನ್ನು ತಗೊಂಡು ಅವೆಲ್ಲದರ ಮೇಲೆ ಗೆರೆ ಎಳೆದೆ. ‘ಇವು ದುಡಿಯೋ ಖರ್ಚಲ್ಲ, ಎಸಿ ಒಂದು ಇದ್ರ ಸಾಕು’ ಅಂದೆ. ಅಂಗಡಿಯಿಂದ 2 ಟನ್ನಿನ ಮಾಮೂಲಿ ಸ್ಪ್ಲಿಟ್ ಎಸಿ ತಂದು ಕೂಡಿಸಿದೆವು.

ಮರುವರ್ಷ ಏಪ್ರಿಲ್. ಮಧ್ಯಾಹ್ನ ಕರೆಂಟ್ ಹೋಯಿತು. ಹುಡುಗ ಊಟಕ್ಕೆ ಹೋಗಿದ್ದ. ಅರ್ಧ ಗಂಟೆ ಆಗುವುದರೊಳಗೆ ಒಂದೊಂದಾಗಿ ಮಷೀನು ಬಂದ್ ಆದವು, ಮುಖ್ಯ ಸ್ವಿಚ್ ಸುಟ್ಟೇ ಹೋಯಿತು. ಎರಡು ದಿನ ಅಷ್ಟೂ ಹಳ್ಳಿಗಳಲ್ಲಿ ನೆಟ್ ಇಲ್ಲ. ಅದರಲ್ಲಿ ಒಂದು ದಿನ ಯಾವುದೋ ಪರೀಕ್ಷೆಗೆ ಅರ್ಜಿ ಹಾಕಲು ಕೊನೆಯ ದಿನವಾಗಿತ್ತು. ಒಬ್ಬ ಹುಡುಗಿ ಸಂಜೆ ಬಸ್ ಹಿಡಿದು ಗದಗಕ್ಕೆ ಹೋಗಿ ತುಂಬಿ ಬಂದಳು. ಇನ್ನೊಬ್ಬ ಹುಡುಗನಿಗೆ ಆಗಲಿಲ್ಲ. ಅವನ ಅಪ್ಪ ಮರುದಿನ ಬಂದು ಕೂತರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಕರೆಂಟ್ ಹೋದ್ರೂ ಬ್ಯಾಟ್ರಿ ಇತ್ತಂತಲ್ಲ ತಮ್ಮಾ, ಮತ್ತ ಮಷೀನ್ ಯಾಕ ಬಂದ್ ಆದ್ವು?’

ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಈಗ ಇದೆ, ಹೇಳ್ತೀನಿ.

ಯುಪಿಎಸ್ ಹಾಕಿದ್ದು ಮಷೀನುಗಳಿಗೆ. ಎಸಿಗೆ ಅಲ್ಲ. ಎಸಿ ಎಳೆಯುವ ಕರೆಂಟು ಹೆಚ್ಚು, ಹಾಗಾಗಿ ಸಣ್ಣ ಕೋಣೆಗಳಲ್ಲಿ ಯಾರೂ ಅದನ್ನು ಬ್ಯಾಟರಿ ಮೇಲೆ ಹಾಕುವುದಿಲ್ಲ. ಅಂದರೆ ಕರೆಂಟ್ ಹೋದಾಗ ಏನಾಯ್ತು? ಬಿಸಿ ಮಾಡುವವರು ದುಡಿಯುತ್ತಲೇ ಇದ್ದರು, ತಂಪು ಮಾಡುವವನು ರಜೆ ಹಾಕಿದ. ಬ್ಯಾಟರಿ ಇದ್ದದ್ದೇ ಇಲ್ಲಿ ತೊಂದರೆ.

ಎಷ್ಟು ಬೇಗ ಬಿಸಿ ಆಗುತ್ತೆ ಅನ್ನೋ ಲೆಕ್ಕ ಕೇಳಿ, ಇದು ನನಗೆ ನಿದ್ದೆ ಕೆಡಿಸಿದ ಲೆಕ್ಕ. ಕೋಣೆ 12 ಅಡಿ, 14 ಅಡಿ, ಎತ್ತರ 10 ಅಡಿ. ಅದರೊಳಗಿನ ಗಾಳಿ ಸುಮಾರು 47 ಘನ ಮೀಟರ್, ತೂಕ 56 ಕಿಲೋ. ಮಷೀನುಗಳು ಎಳೆಯುವುದು 4 ಕಿಲೋವ್ಯಾಟ್. ಕಂಪ್ಯೂಟರ್ ಎಷ್ಟು ಕರೆಂಟ್ ತಿನ್ನುತ್ತದೋ ಹೆಚ್ಚುಕಡಿಮೆ ಅಷ್ಟನ್ನೂ ಬಿಸಿಯಾಗಿ ಉಗುಳುತ್ತದೆ, ಇದರಲ್ಲಿ ಉಳಿತಾಯ ಅಂತ ಇಲ್ಲ. ಗಾಳಿ ಒಂದನ್ನೇ ಲೆಕ್ಕ ಹಿಡಿದರೆ, ಸುಮಾರು 14 ಸೆಕೆಂಡಿಗೆ 1 ಡಿಗ್ರಿ ಏರುತ್ತದೆ. ಎರಡೂವರೆ ನಿಮಿಷಕ್ಕೆ 10 ಡಿಗ್ರಿ! ಗೋಡೆ, ನೆಲ, ರ‍್ಯಾಕಿನ ಕಬ್ಬಿಣ ಒಂದಷ್ಟು ಬಿಸಿ ಹೀರಿಕೊಳ್ಳುವುದರಿಂದ ನಿಜದಲ್ಲಿ ಇದು ನಿಧಾನ. ಆದರೂ ಒಂದು ಊಟದ ಹೊತ್ತು ಸಾಕು.

ಇದು ಮುಂಡರಗಿಯ ಬಡ ಕೋಣೆಯ ಕಥೆ ಅಷ್ಟೇ ಅಂದುಕೊಳ್ಳಬೇಡಿ. 2022ರ ಜುಲೈ 19ರಂದು ಬ್ರಿಟನ್‌ನಲ್ಲಿ ಇತಿಹಾಸದಲ್ಲೇ ಮೊದಲ ಸಲ ಉಷ್ಣತೆ 40 ಡಿಗ್ರಿ ದಾಟಿತು. ಅವತ್ತು ಲಂಡನ್ನಿನಲ್ಲಿ ಗೂಗಲ್ ಮತ್ತು ಒರಾಕಲ್ ಕಂಪನಿಗಳ ಡೇಟಾ ಸೆಂಟರ್‌ಗಳಲ್ಲಿ ಕೂಲಿಂಗ್ ಕೈಕೊಟ್ಟಿತು. ಗೈಸ್ ಮತ್ತು ಸೇಂಟ್ ಥಾಮಸ್ ಅನ್ನೋ ದೊಡ್ಡ ಆಸ್ಪತ್ರೆಗಳ ಕಂಪ್ಯೂಟರ್ ಕೋಣೆಗಳೂ ಬಿಸಿಗೆ ನಿಂತವು, ವೈದ್ಯರು ಕಾಗದ ಪೆನ್ನಿಗೆ ಮರಳಬೇಕಾಯಿತು. 40 ಡಿಗ್ರಿ ಅಂದರೆ ನಮಗೆ ಸುದ್ದಿಯೇ ಅಲ್ಲ, ಏಪ್ರಿಲ್-ಮೇ ಅಷ್ಟೇ.

ಸರಿ, ಈಗ ಮುಖ್ಯ ವಿಷಯ. ‘ಎಸಿ’ ಬೇರೆ, ‘ಪ್ರಿಸಿಷನ್ ಕೂಲಿಂಗ್’ ಬೇರೆ. ಹೆಸರು ಕೇಳಿದಾಗ ಹೆಚ್ಚು ದುಡ್ಡು ಕೀಳೋಕೆ ಇಟ್ಟ ಹೆಸರು ಅಂತ ನನಗೂ ಅನ್ನಿಸಿತ್ತು.

ತಮಾಷೆ ಏನಂದರೆ, ಎಸಿ ಹುಟ್ಟಿದ್ದೇ ಮನುಷ್ಯರಿಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿನವರಿಗೆ ತಲೆನೋವು ಶುರುವಾಗಿತ್ತು. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಅನ್ನೋ ಯುವ ಎಂಜಿನಿಯರ್ ಗಾಳಿಯಿಂದ ತೇವ ತೆಗೆಯುವ ವ್ಯವಸ್ಥೆ ಮಾಡಿಕೊಟ್ಟ. ಅದೇ ಇವತ್ತಿನ ಎಸಿಯ ಅಜ್ಜ. ಗದಗನ್ನು ಮುದ್ರಣ ಕಾಶಿ ಅಂತೀವಲ್ಲ, ಅಲ್ಲಿನ ಹಳೆ ಪ್ರೆಸ್ಸಿನವರಿಗೆ ಮಳೆಗಾಲದ ಕಾಗದದ ಈ ಕಷ್ಟ ಯಾರೂ ಹೇಳಿಕೊಡಬೇಕಿಲ್ಲ. ಬೆಟಗೇರಿಯ ನೇಕಾರರಿಗೆ ಇದರ ಉಲ್ಟಾ ಕಷ್ಟ ಗೊತ್ತು: ಗಾಳಿ ಒಣಗಿದರೆ ನೂಲು ಪಟಪಟ ಹರಿಯುತ್ತದೆ. ಕುಣಿ ಮಗ್ಗದ ಕುಣಿ ನೂಲಿಗೆ ಒಂದಿಷ್ಟು ತಂಪು ತೇವ ಕೊಡುತ್ತದೆ.

ಕಂಪ್ಯೂಟರ್ ಇವೆರಡರ ನಡುವಿನ ಗಿರಾಕಿ. ತೇವ ಹೆಚ್ಚಾದರೆ ಬೋರ್ಡಿನ ತಾಮ್ರಕ್ಕೆ ಕಿಲುಬು. ಕಡಿಮೆಯಾದರೆ ಸ್ಥಿರ ವಿದ್ಯುತ್ತು: ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತಲ್ಲ, ಅದೇ. ನಿಮಗೆ ಅದು ಚುರುಕ್ ಅನ್ನುತ್ತೆ ಅಷ್ಟೇ, ಚಿಪ್ಪಿಗೆ ಅದು ಸಾವು. ಅದಕ್ಕೇ 1965ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ರಾಲ್ಫ್ ಲೀಬರ್ಟ್ ಅನ್ನೋರು ಕಂಪ್ಯೂಟರ್ ಕೋಣೆಗೆಂದೇ ಒಂದು ಯಂತ್ರ ಮಾಡಿದರು. ಉಷ್ಣತೆ ಮತ್ತು ತೇವ ಎರಡನ್ನೂ ಹಿಡಿತದಲ್ಲಿ ಇಡೋದು, ವರ್ಷದ 8,760 ಗಂಟೆಯೂ ಓಡೋದು. ಪ್ರಿಸಿಷನ್ ಕೂಲಿಂಗ್ ಅನ್ನೋ ಧಂದೆ ಶುರುವಾಗಿದ್ದು ಅಲ್ಲಿಂದ.

ಮನೆಯ ಎಸಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕಾಮರ್ಸ್ ಭಾಷೆಯಲ್ಲೇ ಹೇಳ್ತೀನಿ. ಗ್ರಾಸ್ ಸಂಬಳ ಬೇರೆ, ಕೈಗೆ ಬರುವ ಸಂಬಳ ಬೇರೆ. 1 ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ಬಿಸಿ ತೆಗೆಯುವ ಶಕ್ತಿ. 2 ಟನ್ನಿನ ಎಸಿ ಅಂದರೆ 7 ಕಿಲೋವ್ಯಾಟ್. ಇದು ಗ್ರಾಸ್. ಮನೆಯ ಎಸಿಯನ್ನು ಮನುಷ್ಯರಿಗಾಗಿ ಮಾಡಿದ್ದು, ಮನುಷ್ಯ ಬೆವರುತ್ತಾನೆ, ಉಸಿರು ಬಿಡುತ್ತಾನೆ. ಹಾಗಾಗಿ ಅದರ ಶಕ್ತಿಯಲ್ಲಿ ಸುಮಾರು 30 ಪಾಲು ಗಾಳಿಯ ನೀರು ಹಿಂಡುವುದಕ್ಕೇ ಹೋಗುತ್ತೆ. ಬಿಸಿ ಇಳಿಸಲು ಉಳಿಯುವುದು 70 ಪಾಲು, ಅಂದರೆ 4.9 ಕಿಲೋವ್ಯಾಟ್. ಪ್ರಿಸಿಷನ್ ಯಂತ್ರದಲ್ಲಿ 90 ಪಾಲು ಅಥವಾ ಇನ್ನೂ ಹೆಚ್ಚು ನೇರ ಬಿಸಿ ಇಳಿಸಲಿಕ್ಕೇ ಸಿಗುತ್ತದೆ, ಯಾಕಂದರೆ ಕಂಪ್ಯೂಟರ್ ಬೆವರುವುದಿಲ್ಲ. ಇನ್ನೊಂದು ಕಟಾವಣೆ ಇದೆ. ಎಸಿ ಡಬ್ಬದ ಮೇಲೆ ಬರೆದ ಟನ್ ಲೆಕ್ಕ ಹೊರಗೆ 35 ಡಿಗ್ರಿ ಇದ್ದಾಗಿನದು. ಹೊರಗೆ 41 ಆದಾಗ ಆ ಸಂಬಳವೂ ಇಳಿಯುತ್ತೆ, ಅದೂ ಬೇಕೇ ಬೇಕಾದ ದಿನ.

ನಮ್ಮ ಕೋಣೆಯ ಖರ್ಚಿನ ಕಡೆ ಏನಿತ್ತು? ಮಷೀನು 4 ಕಿಲೋವ್ಯಾಟ್. ಯುಪಿಎಸ್ ಒಳಗೇ ಇತ್ತು, ಅದು ವ್ಯರ್ಥ ಮಾಡುವುದು 0.4. ಲೈಟು, ಒಳಗೆ ಕೂರುವ ಹುಡುಗ ಸೇರಿ 0.2. ಬಿಸಿಲಿಗೆ ಕಾದ ಆರ್‌ಸಿಸಿ ಸೂರು, ಪಶ್ಚಿಮದ ಕಿಟಕಿ, ಸಂದಿಗಳಿಂದ ನುಗ್ಗುವ ಬಿಸಿಗಾಳಿ ಸೇರಿ ಮಧ್ಯಾಹ್ನದ ಹೊತ್ತಿಗೆ 1.2 ಅಂತ ಲೆಕ್ಕ ಮಾಡಿಸಿದೆವು. ಒಟ್ಟು 5.8. ಬರುವುದು 4.9, ಹೋಗುವುದು 5.8. ಕರೆಂಟ್ ಹೋಗದಿದ್ದರೂ ಆ ಕೋಣೆ ದಿನಾ ನಷ್ಟದಲ್ಲೇ ಇತ್ತು!

ಹಾಗಿದ್ದರೆ ದೊಡ್ಡ ಎಸಿ ತಂದರೆ ಮುಗೀತಲ್ಲ? ನಾನೂ ಅದನ್ನೇ ಕೇಳಿದೆ. ಹುಬ್ಬಳ್ಳಿಯಿಂದ ಬಂದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ನಕ್ಕು ಹೇಳಿದ್ದು ಇಷ್ಟು: ‘ತೂತು ಬಿದ್ದ ಕೊಡಕ್ಕ ದೊಡ್ಡ ನಳ ಹಚ್ಚಿದ್ರ ಬಿಲ್ ದೊಡ್ಡದಾಗತೈತಿ, ಕೊಡ ತುಂಬಂಗಿಲ್ಲ.’ ಸಂದಿ ಇರುವ ಕೋಣೆಗೆ ಮಳೆಗಾಲದ ತೇವ ಬರುತ್ತಲೇ ಇರುತ್ತದೆ, ಎಸಿ ಅದನ್ನು ಹಿಂಡುತ್ತಲೇ ಇರುತ್ತದೆ. ಅದು ಮಷೀನಿನ ಬಿಸಿಯಲ್ಲ, ಊರಿನ ತೇವ.

ಅದಕ್ಕೇ ಕೋಣೆ ಮೊದಲು. ಹಗೇವು ನೆನಪಿದೆಯಾ? ನಮ್ಮ ಅಜ್ಜಂದಿರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಅಲ್ಲಿ ಯಾವ ಯಂತ್ರವೂ ಇರಲಿಲ್ಲ. ಗುಟ್ಟು ಒಂದೇ, ಹೊರಗಿನ ಗಾಳಿ ಮತ್ತು ಹಸಿ ಒಳಗೆ ಹೋಗದಂತೆ ಬಾಯಿ ಮುಚ್ಚುವುದು. ಕಂಪ್ಯೂಟರ್ ಕೋಣೆಯೂ ಅರ್ಧ ಹಗೇವೇ.

ನಾವು ಮೊದಲು ಮಾಡಿದ್ದು ಕೋಣೆ ಬದಲಾಯಿಸಿದ್ದು. ಮೊದಲಿನದು ಮೇಲಿನ ಮಹಡಿ, ಪಶ್ಚಿಮದ ಗೋಡೆ. ಅದೇ ಕಟ್ಟಡದ ಕೆಳಗಡೆ ಅದೇ ಅಳತೆಯ, ಉತ್ತರ ದಿಕ್ಕಿನ ಕೋಣೆ ಖಾಲಿ ಮಾಡಿಸಿದೆವು. ನೋಡಬೇಕಾದ್ದು ಇಷ್ಟೇ: ಮೇಲೆ ಬಚ್ಚಲು ಇರಬಾರದು, ಗೋಡೆಯೊಳಗೆ ನೀರಿನ ಪೈಪ್ ಹೋಗಿರಬಾರದು, ಮಳೆ ಬಂದರೆ ರಸ್ತೆಯ ನೀರು ಒಳಗೆ ಬರಬಾರದು. ಕಿಟಕಿಯನ್ನು ಗಾಜಿನಿಂದಲ್ಲ, ಇಟ್ಟಿಗೆ ಕಟ್ಟಿ ಮುಚ್ಚಿದೆವು. ಗೋಡೆಗೆ ತೇವ ತಡೆಯುವ ಬಣ್ಣ. ಸೂರಿನ ಒಳಮೈಗೆ ಇನ್ಸುಲೇಶನ್ ಹಾಳೆ. ಬಾಗಿಲಿಗೆ ಸುತ್ತಲೂ ರಬ್ಬರ್ ಪಟ್ಟಿ, ಕೆಳಗೆ ಬ್ರಷ್, ತಾನೇ ಮುಚ್ಚಿಕೊಳ್ಳುವ ಕ್ಲೋಸರ್.

ಆಮೇಲೆ ತೂತುಗಳು. ಇದು ಯಾರಿಗೂ ಲಕ್ಷ್ಯ ಇಲ್ಲದ ಕೆಲಸ. ಫೈಬರ್ ಒಳಗೆ ತರಲು ಒಂದು ತೂತು, ಕರೆಂಟಿಗೆ ಒಂದು, ಹಳೆ ಕೇಬಲ್ ಟಿವಿಯವರು ಬಿಟ್ಟು ಹೋದದ್ದು ಎರಡು, ಎಕ್ಸಾಸ್ಟ್ ಫ್ಯಾನ್ ಇದ್ದ ಜಾಗ ಒಂದು. ರಾತ್ರಿ ಒಳಗೆ ಲೈಟ್ ಹಚ್ಚಿ ಹೊರಗೆ ಕತ್ತಲಲ್ಲಿ ನಿಂತು ನೋಡಿದೆವು, ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಸುಣ್ಣದ ಗುರುತು. ಒಂಬತ್ತು ಗುರುತು ಆದವು. ಬೆಂಕಿ ಹಬ್ಬದಂತೆ ತಡೆಯುವ ಸೀಲೆಂಟ್ ತುಂಬಿ ಮುಚ್ಚಿದೆವು. ಇದರಿಂದ ಇನ್ನೊಂದು ಲಾಭ, ಇಲಿ ಬಂದ್. ಮೊದಲ ವರ್ಷ ಎರಡು ಸಲ ಫೈಬರ್ ಕಡಿದಿದ್ದವು.

ಧೂಳಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಯಾಕಂದರೆ ಬೆಂಗಳೂರಿನ ಪುಸ್ತಕಗಳಲ್ಲಿ ಇದು ಅಷ್ಟು ಬರುವುದಿಲ್ಲ. ನಮ್ಮದು ಎರೆ ಭೂಮಿ, ಗಾಳಿಯ ಸೀಮೆ. ಗದಗ ಜಿಲ್ಲೆಯಲ್ಲಿ ಗಾಳಿ ಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ರಾಶಿ ಕಾಲದಲ್ಲಿ ಹೊಟ್ಟು, ಹತ್ತಿ ಕಾಲದಲ್ಲಿ ಎಳೆ. ಈ ಧೂಳು ಮಷೀನಿನ ಫ್ಯಾನ್ ಮತ್ತು ಹೀಟ್ ಸಿಂಕ್ ಮೇಲೆ ಕಂಬಳಿಯಂತೆ ಕೂರುತ್ತದೆ. ಸುಟ್ಟ ಆ ಸ್ವಿಚ್ಚನ್ನು ಬಿಚ್ಚಿದಾಗ ಒಳಗೆ ಕರಿ ಮಣ್ಣಿನ ಒಂದು ಪದರವೇ ಇತ್ತು. ಚಪ್ಪಲಿ ಹೊರಗೆ ಬಿಡಿ ಅನ್ನೋದು ಇಲ್ಲಿ ಮಡಿ ಅಲ್ಲ, ಮೇಂಟೆನೆನ್ಸ್.

‘ಏರ್ ಕೂಲರ್ ಹಾಕಿದ್ರ ಸಸ್ತಾ ಆಗತಿತ್ತಲ್ಲ’ ಅಂತ ಕೇಳೋರು ಬಹಳ. ಬೇಡ. ಕೂಲರ್ ಕೆಲಸ ಮಾಡೋದು ಹರವಿಯ ನೀರು ತಂಪಾಗುವ ಲೆಕ್ಕದಲ್ಲಿ, ನೀರು ಆವಿಯಾಗಬೇಕು. ಆ ಆವಿ ಹೋಗುವುದು ನಿಮ್ಮ ಮಷೀನಿನೊಳಗೆ. ಮೇಲಾಗಿ ಅದು ಹೊರಗಿನ ಗಾಳಿಯನ್ನೇ ಎಳೆದು ತರುತ್ತದೆ, ಧೂಳಿನ ಸಮೇತ.

ಯುಪಿಎಸ್ಸನ್ನೂ ಬ್ಯಾಟರಿಯನ್ನೂ ಪಕ್ಕದ ಕೋಣೆಗೆ ಸಾಗಿಸಿದೆವು, ಅಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ. ಇದರಲ್ಲಿ ಒಂದು ರಾಜಿ ಇದೆ, ಮುಚ್ಚಿಡೋದಿಲ್ಲ. ಸೀಸದ ಬ್ಯಾಟರಿಗೆ 25 ಡಿಗ್ರಿ ಇಷ್ಟ, ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚು ಬಿಸಿಯಲ್ಲೇ ಸದಾ ಇದ್ದರೆ ಆಯುಷ್ಯ ಅರ್ಧ. ಹೊರಗಿಟ್ಟರೆ ಬ್ಯಾಟರಿ ಬೇಗ ಹೋಗುತ್ತೆ, ಒಳಗಿಟ್ಟರೆ ಯುಪಿಎಸ್ ಬಿಸಿಯ ಖರ್ಚು ಎಸಿ ಮೇಲೆ. ನಾನು ಹೊರಗೆ ಅಂದೆ. ಬೇರೆಯವರು ಬೇರೆ ಲೆಕ್ಕ ಹಾಕಬಹುದು.

ಇಷ್ಟಾದ ಮೇಲೆ ಮತ್ತೆ ಲೆಕ್ಕ ಮಾಡಿದರೆ 5.8 ಇದ್ದದ್ದು 4.5ರ ಹತ್ತಿರ ಬಂತು. ಮಷೀನು ಒಂದೂ ಕಡಿಮೆ ಆಗಿಲ್ಲ, ಎಸಿ ಇನ್ನೂ ಕೊಂಡಿಲ್ಲ. ಮಧ್ಯಾಹ್ನ ಹೆಚ್ಚು, ರಾತ್ರಿ ಕಡಿಮೆ ಅಂತ ಹಿಡಿದು ಸರಾಸರಿ 0.8 ಕಿಲೋವ್ಯಾಟ್ ಬಿಸಿ ಉಳಿದರೂ, ಅದನ್ನು ತೆಗೆಯಲು ಎಸಿ ತಿನ್ನುತ್ತಿದ್ದ ಕರೆಂಟ್ ಅದರ ಮೂರನೇ ಒಂದು ಪಾಲು ಅಂತ ಹಿಡಿದರೂ, ವರ್ಷಕ್ಕೆ 2,300 ಯೂನಿಟ್ ಆಸುಪಾಸು. ಯೂನಿಟ್ಟಿಗೆ 8 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ 18 ಸಾವಿರದ ಮೇಲೆ. ‘ದುಡಿಯೋ ಖರ್ಚಲ್ಲ’ ಅಂತ ನಾನು ಗೆರೆ ಎಳೆದಿದ್ದು ಇದೇ ಸಾಲುಗಳ ಮೇಲೆ.

ಈಗ ಯಂತ್ರ ಕೂಡಿಸುವುದು. ಮೊದಲು ಗಾಳಿಯ ದಾರಿ. ಸರ್ವರ್‌ಗಳು ಮುಂದಿನಿಂದ ತಂಪು ಗಾಳಿ ಎಳೆದು ಹಿಂದಿನಿಂದ ಬಿಸಿ ಬಿಡುತ್ತವೆ. ಹಾಗಾಗಿ ರ‍್ಯಾಕುಗಳ ಮುಖವೆಲ್ಲ ಒಂದು ಕಡೆ, ಬೆನ್ನೆಲ್ಲ ಒಂದು ಕಡೆ. 1992ರಲ್ಲಿ ಐಬಿಎಂನ ರಾಬರ್ಟ್ ಸಲಿವನ್ ಅನ್ನೋರು ಹೇಳಿದ ಉಪಾಯ ಇದು, ತಂಪು ಓಣಿ ಒಂದು, ಬಿಸಿ ಓಣಿ ಒಂದು. ಇಷ್ಟು ಸರಳ. ಆದರೂ ನಮ್ಮ ಹಳೆ ಕೋಣೆಯಲ್ಲಿ ಒಂದು ರ‍್ಯಾಕು ಇನ್ನೊಂದರ ಮುಖಕ್ಕೆ ಬಿಸಿ ಊದುತ್ತಿತ್ತು. ರ‍್ಯಾಕಿನಲ್ಲಿ ಮಷೀನ್ ಇಲ್ಲದ ಖಾಲಿ ಖಾನೆಗಳಿಗೆ ಪ್ಲಾಸ್ಟಿಕ್ ಫಲಕ ಹಾಕಬೇಕು, ಇಲ್ಲದಿದ್ದರೆ ಹಿಂದಿನ ಬಿಸಿ ಆ ಕಿಂಡಿಯಿಂದ ನುಸುಳಿ ಮುಂದೆ ಬರುತ್ತದೆ. ಇಡೀ ಕೆಲಸದಲ್ಲೇ ಅತಿ ಕಡಿಮೆ ಖರ್ಚಿನ ವಸ್ತು ಇದು.

4 ಕಿಲೋವ್ಯಾಟ್ ಬಿಸಿಯನ್ನು 10 ಡಿಗ್ರಿ ಅಂತರದಲ್ಲಿ ಸಾಗಿಸಬೇಕೆಂದರೆ ಗಂಟೆಗೆ ಸುಮಾರು 1,200 ಘನ ಮೀಟರ್ ಗಾಳಿ ರ‍್ಯಾಕಿನ ಮೂಲಕ ಹಾಯಬೇಕು. ಅಂದರೆ ಕೋಣೆಯ ಅಷ್ಟೂ ಗಾಳಿ ಗಂಟೆಗೆ 25 ಸಲ. ಮನೆಯ ಎಸಿ ಮೆಲ್ಲಗೆ ಊದುವಂತೆ ಮಾಡಿದ್ದು, ನಿಮ್ಮ ನಿದ್ದೆ ಕೆಡಬಾರದಲ್ಲ. ಪ್ರಿಸಿಷನ್ ಯಂತ್ರ ಜೋರಾಗಿ, ಕಡಿಮೆ ತಂಪಿನ, ಹೆಚ್ಚು ಗಾಳಿ ಊದುತ್ತದೆ. ಅದರ ಪಕ್ಕ ನಿಂತು ಈ ಪಾಡ್‌ಕಾಸ್ಟ್ ರೆಕಾರ್ಡ್ ಮಾಡೋಕೆ ಆಗಲಿಲ್ಲ, ಅಷ್ಟು ಸದ್ದು.

ಒಳಗಿನ ಘಟಕ ರ‍್ಯಾಕಿನ ಮೇಲುಗಡೆ ಬರಲೇಬಾರದು. ಅದರಿಂದ ನೀರು ಇಳಿಯುತ್ತೆ, ಡ್ರೈನ್ ಪೈಪ್ ಒಂದು ದಿನ ಕಟ್ಟಿಕೊಂಡೇ ಕಟ್ಟಿಕೊಳ್ಳುತ್ತೆ. ಡ್ರೈನಿಗೆ ಇಳಿಜಾರು ಇರಬೇಕು, ಕೊನೆಗೆ ನೀರಿನ ಬಾಗು ಇರಬೇಕು. ಹೊರಗಿನ ಘಟಕಕ್ಕೆ ನೆರಳು ಮತ್ತು ಬಯಲು ಎರಡೂ ಬೇಕು. ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಇಟ್ಟರೆ ತಾನು ಬಿಟ್ಟ ಬಿಸಿಯನ್ನೇ ಮತ್ತೆ ನುಂಗುತ್ತೆ. ತಗಡಿನ ಶೆಡ್ಡಿನ ಕೆಳಗೆ ಇಡೋದು ನೆರಳಲ್ಲ, ಒಲೆ.

ತಾಮ್ರದ ಪೈಪಿನ ಹತ್ತಿರ ಅವಸರ ಮಾಡೋ ಮೆಕ್ಯಾನಿಕ್ ಸಿಕ್ಕರೆ ಚಹಾ ತರಿಸಿ, ಕೂಡಿಸಿ. ಬೆಸುಗೆ ಹಾಕುವಾಗ ಪೈಪಿನೊಳಗೆ ನೈಟ್ರೋಜನ್ ಹರಿಯುತ್ತಿರಬೇಕು, ಇಲ್ಲದಿದ್ದರೆ ಒಳಗೆ ಕರಿ ಕಟ್ಟುತ್ತೆ. ಆಮೇಲೆ ನೈಟ್ರೋಜನ್ ಒತ್ತಡ ತುಂಬಿ ಒಂದು ದಿನ ಬಿಟ್ಟು ಮುಳ್ಳು ಇಳಿದಿದೆಯಾ ನೋಡಬೇಕು. ಆಮೇಲೆ ವ್ಯಾಕ್ಯೂಮ್, ಗೇಜಿನಲ್ಲಿ 500 ಮೈಕ್ರಾನಿಗೆ ಇಳಿದು ಅಲ್ಲೇ ನಿಲ್ಲಬೇಕು. ‘ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗ ಹಾಕಿದ್ರ ಆತ್ರಿ’ ಅನ್ನೋರನ್ನ ನಂಬಬೇಡಿ. ಮನೆಯ ಎಸಿ ಹಾಗೆ ಒಂದೆರಡು ವರ್ಷ ಓಡಬಹುದು. ಇದು ರಜೆಯೇ ಇಲ್ಲದೆ ಓಡಬೇಕಾದ್ದು.

ತೇವ ಕೊಡುವ ಹ್ಯುಮಿಡಿಫೈಯರ್ ಬೇಕಾ? ನಮ್ಮಷ್ಟು ಸಣ್ಣ, ಚೆನ್ನಾಗಿ ಮುಚ್ಚಿದ ಕೋಣೆಗೆ ಬೇಡ ಅಂತ ಬಿಟ್ಟೆವು, ತೇವ ತೋರಿಸುವ ಮೀಟರ್ ಮಾತ್ರ ಹಾಕಿದೆವು. ಬದಲಿಗೆ ಮುಟ್ಟುವ ಮೊದಲು ಕೈಗೆ ಅರ್ಥಿಂಗ್ ಪಟ್ಟಿ. ಹಾಕಿಸುವವರಿಗೆ ಒಂದು ಮಾತು, ನೀರು ಕುದಿಸಿ ಆವಿ ಮಾಡುವ ಆ ಡಬ್ಬಿಗೆ ನಮ್ಮ ಬೋರಿನ ಗಡಸು ನೀರು ಹಾಕಿದರೆ ಚಹಾ ಪಾತ್ರೆಯಲ್ಲಿ ಕಟ್ಟುವ ಬಿಳಿ ಹಕ್ಕಳೆಯೇ ಅದರಲ್ಲೂ ಕಟ್ಟುತ್ತೆ. ದೊಡ್ಡ ಕೋಣೆಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದಂತೆ: ಎರಡು ಯಂತ್ರಗಳ ಮೀಟರ್ ಸ್ವಲ್ಪ ಹೆಚ್ಚುಕಡಿಮೆ ಇದ್ದರೆ, ಒಂದು ತೇವ ತುಂಬುತ್ತೆ, ಇನ್ನೊಂದು ಅದೇ ತೇವ ಹಿಂಡುತ್ತೆ. ಹಗಲೂ ರಾತ್ರಿ ಜಗಳ, ಬಿಲ್ ಮಾತ್ರ ಮಾಲೀಕನಿಗೆ.

ಎಷ್ಟು ಡಿಗ್ರಿಗೆ ಇಡಬೇಕು? ಇಲ್ಲಿ ನಮ್ಮವರು ಮಾಡೋ ತಪ್ಪು, 16ಕ್ಕೆ ಇಟ್ಟು ‘ಫ್ರಿಜ್ ಆಗೇತಿ’ ಅಂತ ಖುಷಿ ಪಡೋದು. ಆಶ್ರೇ ಅನ್ನೋ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಘ ಹೇಳುವುದು 18ರಿಂದ 27 ಡಿಗ್ರಿ. ಅದೂ ಕೋಣೆಯ ಗೋಡೆಯ ಹತ್ತಿರ ಅಲ್ಲ, ಮಷೀನು ಗಾಳಿ ಎಳೆಯುವ ಮೂಗಿನ ಹತ್ತಿರ. ನಮ್ಮ ಸೆನ್ಸರ್ ರ‍್ಯಾಕಿನ ಮುಂಭಾಗದಲ್ಲಿ, ಮೇಲ್ಗಡೆ ಇದೆ. ಬಿಸಿ ಮೊದಲು ಅಲ್ಲೇ ಗೊತ್ತಾಗೋದು. 24ಕ್ಕೆ ಇಟ್ಟಿದ್ದೇವೆ. 28 ದಾಟಿದರೆ ಗೆಳೆಯನಿಗೂ ನನಗೂ ಮೆಸೇಜ್ ಬರುತ್ತೆ.

ಕೊನೆಗೆ ಕೊಂಡದ್ದು ಒಂದೇ ಒಂದು ಸಣ್ಣ ಪ್ರಿಸಿಷನ್ ಘಟಕ. ಎರಡು ಇರಬೇಕಿತ್ತು, ಒಂದು ಕೆಟ್ಟರೆ ಇನ್ನೊಂದು. ದುಡ್ಡು ಇರಲಿಲ್ಲ. ಹಳೆಯ 2 ಟನ್ನಿನ ಸ್ಪ್ಲಿಟ್ಟನ್ನೇ ಮೀಸಲು ಇಟ್ಟೆವು. ಮುಚ್ಚಿದ ಕೋಣೆಯ 4.5 ಕಿಲೋವ್ಯಾಟನ್ನು ಅದರ 4.9 ಕಷ್ಟಪಟ್ಟಾದರೂ ಹೊರುತ್ತದೆ. ಮೊದಲು ಹೊರಲಾಗದ ಅದೇ ಎಸಿ. ಜನರೇಟರ್‌ಗೆ ತಾನೇ ಶುರುವಾಗುವ ಪ್ಯಾನೆಲ್ ಹಾಕಿಸಿದೆವು. ಕರೆಂಟ್ ಮರಳಿದಾಗ ಯಂತ್ರ ತಾನೇ ಎದ್ದು ಕೂರುತ್ತೆ, ರಿಮೋಟ್ ಹುಡುಕಬೇಕಿಲ್ಲ. ಆದರೆ ಕಂಪ್ರೆಸರ್ ಮತ್ತೆ ಶುರುವಾಗಲು ಎರಡು-ಮೂರು ನಿಮಿಷ ಬೇಕೇ ಬೇಕು, ಆ ಹೊತ್ತನ್ನು ಕೋಣೆ ತಡೆಯಬೇಕು.

ಮಷೀನು ಇಡುವ ಮೊದಲು ಪರೀಕ್ಷೆ ಮಾಡಿದೆವು. ಇದನ್ನು ನೋಡಿ ಓಣಿಯವರು ನಕ್ಕರು. ಏಪ್ರಿಲ್ ಬಿಸಿಲಲ್ಲಿ ನಾಲ್ಕು ಮನೆಗಳಿಂದ ರೂಮ್ ಹೀಟರ್ ಬೇಡಿ ತಂದು, ಖಾಲಿ ಕೋಣೆಯಲ್ಲಿ 4 ಕಿಲೋವ್ಯಾಟ್ ಆಗುವಷ್ಟು ಹಚ್ಚಿ ಬಾಗಿಲು ಹಾಕಿ ಕೂತೆವು. ಒಂದು ಹಗಲು, ಒಂದು ರಾತ್ರಿ. ಆಮೇಲೆ ಬೇಕಂತಲೇ ಮೇನ್ ಸ್ವಿಚ್ ಇಳಿಸಿ, ಹೀಟರ್‌ಗಳನ್ನು ಬೇರೆ ಲೈನಿನಲ್ಲಿ ಓಡಿಸುತ್ತಾ ನೋಡಿದೆವು. ಜನರೇಟರ್ ಎದ್ದು, ಕಂಪ್ರೆಸರ್ ಶುರುವಾಗುವ ಹೊತ್ತಿಗೆ ಮೀಟರ್ 24ರಿಂದ 29ಕ್ಕೆ ಏರಿ, ಮತ್ತೆ ಇಳಿಯಿತು. ಗೆಳೆಯ ಆ 29ರ ಫೋಟೊ ತೆಗೆದಿಟ್ಟುಕೊಂಡಿದ್ದಾನೆ.

ಒಬ್ಬ ಕೇಳುಗರು ಮೊದಲೇ ಕೇಳಿದ್ದರು: ಎಲ್ಲಾ ಕ್ಲೌಡ್‌ನಲ್ಲಿ ಇರುವಾಗ ಹಳ್ಳಿ ಕಡೆ ಈ ಕೋಣೆ ಯಾಕೆ? ಕ್ಲೌಡ್ ಅಂದರೆ ಬೇರೆಯವರ ತಂಪು ಕೋಣೆ, ಅಷ್ಟೇ. ಅಲ್ಲಿಗೆ ಹೋಗುವ ದಾರಿ ನಮ್ಮ ಊರಿನ ಬಿಸಿ ಕೋಣೆಯಿಂದಲೇ ಹೋಗುತ್ತೆ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದಾಗ ತಾಲೂಕು ತಾಲೂಕಿನಲ್ಲೂ ಒಂದು ಕಂಪ್ಯೂಟರ್ ಕೋಣೆ ಹುಟ್ಟಿತು, 15 ರೂಪಾಯಿಗೆ ಪಹಣಿ ಕೈಗೆ ಸಿಗತೊಡಗಿತು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಿಮಗೆ ಗೊತ್ತು. ಈಗ ಅಂಥ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರಲು 2022ರಲ್ಲಿ ಕೇಂದ್ರ ಸರ್ಕಾರ 63,000 ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಸಾಫ್ಟ್‌ವೇರ್ ದೂರದಲ್ಲಿರಬಹುದು, ಸಂಘದ ಕಟ್ಟಡದ ರೂಟರ್, ಯುಪಿಎಸ್ ಇಲ್ಲೇ ಇರುತ್ತವೆ. ಅಲ್ಲಿಗೆ ಪ್ರಿಸಿಷನ್ ಯಂತ್ರ ಬೇಡ. ನೆರಳಿನ ಗೋಡೆ, ಮುಚ್ಚಿದ ತೂತು, ಧೂಳಿಲ್ಲದ ಮೂಲೆ ಸಾಕು. ಗೊಬ್ಬರದ ಚೀಲದ ಮೇಲೆ ಯುಪಿಎಸ್ ಇಡೋದನ್ನ ನೋಡಿದ್ದೇನೆ, ಅದು ಬೇಡ.

ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ ಇದೆ, 3.3 ಪೆಟಾಫ್ಲಾಪ್ ಶಕ್ತಿಯದು. ಅಷ್ಟು ದಟ್ಟವಾಗಿ ಬಿಸಿ ಹುಟ್ಟುವಲ್ಲಿ ಊದುವ ಗಾಳಿ ಸಾಲದು. ಅಂಥ ಯಂತ್ರಗಳಲ್ಲಿ ದ್ರವವನ್ನೇ ಚಿಪ್ಪಿನ ಬೆನ್ನಿಗೆ ತಾಗಿದ ಲೋಹದ ಫಲಕದ ತನಕ ಹರಿಸುತ್ತಾರೆ. ಒಂದು ಕೊಡ ನೀರು ಹೊರುವ ಬಿಸಿಯನ್ನು ಗಾಳಿ ಹೊರಬೇಕೆಂದರೆ ಸುಮಾರು 3,500 ಕೊಡ ಗಾಳಿ ಬೇಕು. ಅದರ ಬಗ್ಗೆ ಬೇರೆ ಸಂಚಿಕೆಯೇ ಮಾಡಬೇಕು.

ಆ ಹುಡುಗ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದ. ಕೊನೆಯ ದಿನದ ಹಿಂದಿನ ವಾರವೇ ಹಾಕಿದ, ನಮ್ಮ ನೆಟ್‌ನಲ್ಲಿ ಅಲ್ಲ, ಗದಗಕ್ಕೆ ಹೋಗಿ. ಅವರ ಮನೆಯ ಕನೆಕ್ಷನ್ ಮಾತ್ರ ಇನ್ನೂ ನಮ್ಮದೇ ಇದೆ. ಈ ವಾರ ಮೀಟರ್ 24, 25 ಅಂತ ಓಡುತ್ತಿದೆ. ರಾಶಿ ಶುರುವಾಗಿದೆ, ಭಾನುವಾರ ಫಿಲ್ಟರ್ ತೊಳೆಯುವ ಪಾಳಿ ನನ್ನದು. ನಿಮ್ಮ ಊರಿನ ಕಂಪ್ಯೂಟರ್ ಕೋಣೆ ಹೇಗಿದೆ ಅಂತ ವಾಯ್ಸ್ ನೋಟ್ ಕಳಿಸಿ, ಕೇಳ್ತೀನಿ.